ಕಲ್ಲು ಎಲ್ಲಿ ಮೊಳೆಯಬಾರದು?

ಬೋರ್‌ವೆಲ್ ನೀರನ್ನು ಪದೇ ಪದೇ ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿನ ಒಳಮೈಯಲ್ಲಿ ಹೊಳೆಯುವ ಮುತ್ತಿನ ಪದರದಲ್ಲೂ ಸುಮಾರು ಶೇಕಡಾ 95ರಷ್ಟು ಇರುವುದು ಅದೇ ವಸ್ತು. ಆದರೆ ಪಾತ್ರೆಯಲ್ಲಿ ಅದು ಅಡ್ಡಾದಿಡ್ಡಿ ಬೆಳೆದಿರುತ್ತದೆ. ಚಿಪ್ಪಿನಲ್ಲಿ ಅರ್ಧ ಮೈಕ್ರಾನ್ ಆಸುಪಾಸಿನ ದಪ್ಪದ ಬಿಲ್ಲೆಗಳಾಗಿ ಒಂದರ ಮೇಲೊಂದು ಕೂತಿರುತ್ತದೆ. ಈ ಅಂತರಕ್ಕೆ ದೊಡ್ಡ ಕಾರಣ, ಹರಳು ಮೊದಲು ಮೊಳೆತ ಮೇಲ್ಮೈಯ ರಸಾಯನ. ಹರಳು ಎಲ್ಲಿ ಹುಟ್ಟಬೇಕೆಂದು ಆ ರಸಾಯನ ಹೇಳಬಲ್ಲದು ಎಂಬುದನ್ನು ಒಪ್ಪುವುದು ಸುಲಭ. ಎಲ್ಲಿ ಹುಟ್ಟಬಾರದು ಎಂಬುದನ್ನೂ ಅದೇ ನಿರ್ಧರಿಸುತ್ತದೆ, ಹತೋಟಿಯ ನಿಜವಾದ ಗುಟ್ಟು ಅಲ್ಲಿದೆ ಎಂಬುದು ನನ್ನ ವಾದ.

ಇದಕ್ಕೆ ಗಟ್ಟಿ ಆಧಾರ, ಜೊಆನ್ನಾ ಐಜೆನ್‌ಬರ್ಗ್, ಆಂಡ್ರ್ಯೂ ಬ್ಲ್ಯಾಕ್ ಮತ್ತು ಜಾರ್ಜ್ ವೈಟ್‌ಸೈಡ್ಸ್ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಥಯಾಲ್ ಎಂಬ ಉದ್ದನೆಯ ಅಣುಗಳ ಒಂದು ತುದಿಯಲ್ಲಿರುವ ಗಂಧಕ ಚಿನ್ನವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿ ಮೇಲಕ್ಕೆ ನಿಲ್ಲುತ್ತದೆ. ಆ ತುದಿಯಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲಗುಂಪು ಇರುವ ಅಣುಗಳನ್ನು ಅವರು ರಬ್ಬರಿನಂಥ ಸಿಲಿಕೋನ್ ಮೊಹರಿನಿಂದ ಚಿನ್ನದ ಮೇಲೆ ಚುಕ್ಕೆ ಚುಕ್ಕೆಯಾಗಿ ಒತ್ತಿದರು. ಉಳಿದ ಜಾಗಕ್ಕೆ ಮೀಥೈಲ್ ತುದಿಯ ಅಣುಗಳನ್ನು ತುಂಬಿದರು. ಬಳಿಕ ಅದನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಸೇರುವಂತೆ ಮಾಡಿದರು. ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಬಗೆಯ ಹರಳುಗಳು, ಆಮ್ಲದ ಚುಕ್ಕೆಗಳ ಮೇಲೆ ಮಾತ್ರ ಮೂಡಿದವು. ಚುಕ್ಕೆಯ ಗಾತ್ರ, ಅಂತರ ಮತ್ತು ದ್ರಾವಣದ ಸಾಂದ್ರತೆಯನ್ನು ಹದಗೊಳಿಸಿದಾಗ ಚುಕ್ಕೆಗೊಂದೇ ಹರಳು, ಎಲ್ಲವೂ ಒಂದೇ ಮುಖ ಮಾಡಿ ಬೆಳೆದವು. ಮೀಥೈಲ್ ಬಯಲು ಬರಿದಾಗಿಯೇ ಉಳಿಯಿತು. ಅದು ಹರಳನ್ನು ಹಿಡಿಯಲಾರದು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಚುಕ್ಕೆಯ ಮೇಲೆ ಬೆಳೆಯುವ ಹರಳು ಸುತ್ತಲಿನ ಅಯಾನುಗಳನ್ನು ತನ್ನತ್ತ ಸೆಳೆಯುತ್ತದೆ. ಪಕ್ಕದ ದ್ರಾವಣ ಮೊಳಕೆಗೆ ಸಾಲದಷ್ಟು ತೆಳುವಾಗುತ್ತದೆ. ಅದಕ್ಕೇ ಚುಕ್ಕೆಗಳು ತೀರ ದೂರವಾದರೆ ನಡುವೆ ಬೇಡದ ಹರಳುಗಳು ತಲೆ ಎತ್ತುತ್ತವೆ.

ಚಿಪ್ಪಿನ ಜೀವಿಗೆ ಚಿನ್ನವೆಲ್ಲಿಂದ ಬಂತು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಹರಳಿಗೆ ಎದುರಾಗುವುದು ಮೇಲಿನ ಆಮ್ಲದ ತುದಿ. ಚಿಪ್ಪಿನ ಹಲವು ಪ್ರೋಟೀನುಗಳಲ್ಲಿ ಹೇರಳವಾಗಿರುವ ಆಸ್ಪಾರ್ಟಿಕ್ ಆಮ್ಲದಲ್ಲೂ ಅದೇ ಕಾರ್ಬಾಕ್ಸಿಲ್ ಗುಂಪಿದೆ. ಹಾಗೆಂದು ತಳದ ಲೋಹವನ್ನು ಕಡೆಗಣಿಸುವಂತಿಲ್ಲ: ಅದೇ ಅಣುವನ್ನು ಬೆಳ್ಳಿಯ ಮೇಲೆ ಹರಡಿದರೆ ಅದು ನಿಲ್ಲುವ ಓರೆ ಬದಲಾಗುತ್ತದೆ, ಕ್ಯಾಲ್ಸೈಟ್ ಬೇರೊಂದು ಮುಖದಿಂದ ಮೊಳೆಯುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬಿಡಿ ಹರಳುಗಳ ಸಾಲು ಪದರವಾಗುವುದಿಲ್ಲ. ಅವು ಬೆಳೆದು ಒಂದಕ್ಕೊಂದು ತಾಗಿದರೂ ನಡುವೆ ಬೆಸುಗೆಯ ಗಡಿ ಉಳಿಯುತ್ತದೆ. ಇದಕ್ಕೆ ಐಜೆನ್‌ಬರ್ಗ್ ತಂಡ 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು. ಸೂಕ್ಷ್ಮ ಕಂಬಗಳ ಸಾಲಿರುವ ತಳದ ಮೇಲೆ ಮೊಳಕೆಗೆ ಒಂದೇ ಒಂದು ನ್ಯಾನೊ ಗಾತ್ರದ ಜಾಗವನ್ನು ಬಿಟ್ಟು, ಉಳಿದೆಡೆ ಅಸ್ತವ್ಯಸ್ತ ಅಣುಪದರ ಹೊದಿಸಿದರು. ಮೊದಲು ತಳದ ತುಂಬ ಪದರವಾಗಿ ಕೂತದ್ದು ಆಕಾರವಿಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಒಂದು ಬಿಂದುವಿನಿಂದ ಹೊರಟ ಸ್ಫಟಿಕೀಕರಣ ಇಡೀ ಪದರವನ್ನು ಹಾದು, ಕಂಬಗಳ ಗುರುತಿನ ತೂತುಗಳಿರುವ ಒಂದೇ ದೊಡ್ಡ ಹರಳನ್ನಾಗಿ ಮಾಡಿತು. ಪದರ ಗಟ್ಟಿಯಾಗುವಾಗ ಹೊರಬೀಳುವ ನೀರಿಗೂ ಒಳಗಿನ ಬಿಗುವಿಗೂ ಆ ಕಂಬಗಳೇ ದಾರಿ ಬಿಟ್ಟವು.