ನಿಧಾನವಾದ ಗಣಕಯಂತ್ರ: ಹೊಸದನ್ನು ಕೊಳ್ಳುವ ಮುನ್ನ

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದ ಗಣಕಯಂತ್ರವು ಕೇವಲ ಲೆಕ್ಕ ಬರೆಯುವ ಸಾಧನವಾಗಿ ಉಳಿದಿಲ್ಲ. 50,000 ರೂಪಾಯಿ ಮೌಲ್ಯ ಮೀರಿದ ಸರಕು ಸಾಮಾನ್ಯವಾಗಿ ಇ-ವೇ ಬಿಲ್ ಇಲ್ಲದೆ ಗೋದಾಮಿನಿಂದ ಹೊರಡುವಂತಿಲ್ಲ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳು ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ. ಹೀಗಿದ್ದರೂ ಯಂತ್ರದ ನಿಧಾನವನ್ನು ಹಣೆಬರಹವೆಂದು ಸಹಿಸಿಕೊಂಡಿರುವ ವರ್ತಕರು ಬಹಳ ಮಂದಿ ಇದ್ದಾರೆ.

2024ರ ಮಾರ್ಚ್ ತಿಂಗಳ ಕೊನೆಯ ವಾರ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಪರಿಚಿತರೊಬ್ಬರ ಘಟಕಕ್ಕೆ ಹೋಗಿದ್ದೆನು. ಲಾರಿ ಬಾಗಿಲಲ್ಲಿ ನಿಂತು ಒಂದು ತಾಸಾಗಿತ್ತು. ಒಳಗೆ ಗುಮಾಸ್ತರು ಇ-ವೇ ಬಿಲ್ಲಿನ ಪುಟ ತೆರೆಯುವುದನ್ನೇ ಕಾಯುತ್ತ ಕುಳಿತಿದ್ದರು. ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಿ, ಚಹಾ ಮುಗಿಸಿ ಬಂದರೂ ಟ್ಯಾಲಿ ತೆರೆದಿರುವುದಿಲ್ಲವೆಂದು ಅವರ ದೂರು. "ಇದಕ್ಕೂ ವಯಸ್ಸಾತ್ರೀ, ಹೊಸಾದು ತಗೊಂಡುಬಿಡ್ತೇನಿ" ಎಂದು ಮಾಲೀಕರು ದರಪಟ್ಟಿ ತೋರಿಸಿದರು. ಅವರ ಲೇಥ್ ನಿಧಾನವಾದರೆ ಮೊದಲು ಬೆಲ್ಟು, ಬೇರಿಂಗು ನೋಡುತ್ತಾರೆಯೇ ಹೊರತು ಆ ಕ್ಷಣವೇ ಹೊಸ ಲೇಥ್ ತರಿಸುವುದಿಲ್ಲ. ಗಣಕಯಂತ್ರಕ್ಕೆ ಆ ನ್ಯಾಯ ಏಕಿಲ್ಲವೋ ತಿಳಿಯದು.

ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪ್ರೊಸೆಸರ್ ಶೇ. 10ರಷ್ಟೂ ದುಡಿಯುತ್ತಿರಲಿಲ್ಲ, ಡಿಸ್ಕ್ ಮಾತ್ರ ಶೇ. 100 ತೋರಿಸುತ್ತಿತ್ತು. ರೋಗದ ಮೂಲ ಇದೇ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿದ್ದು, ಪ್ರತಿಯೊಂದು ಮಾಹಿತಿಗೂ ಒಂದು ತೋಳು ಅತ್ತಿಂದಿತ್ತ ಚಲಿಸಬೇಕು. ಅದಕ್ಕೆ ಸೆಕೆಂಡಿನ ಸುಮಾರು ನೂರನೇ ಒಂದು ಭಾಗ ಹಿಡಿಯುತ್ತದೆ. ಒಂದು ಸಲಕ್ಕೆ ಇದು ಅಲ್ಪವೇ; ಆದರೆ ವಿಂಡೋಸ್ ಏಳುವಾಗ ಇಂತಹ ಹುಡುಕಾಟ ಸಾವಿರಾರು ನಡೆಯುತ್ತದೆ. ಚುರುಕಾದ ಲೆಕ್ಕಿಗನೊಬ್ಬ ಪ್ರತಿ ಚೀಟಿಗೂ ಗೋದಾಮಿಗೆ ಆಳನ್ನು ಅಟ್ಟಿ ಕಾಯುತ್ತ ಕುಳಿತಂತೆ ಪ್ರೊಸೆಸರಿನ ಪಾಡು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಅದೇ ಕೆಲಸ ನೂರು ಪಟ್ಟು ಬೇಗ ಆಗಬಲ್ಲದು. ಜೊತೆಗೆ ಆ ಯಂತ್ರದಲ್ಲಿದ್ದುದು 4 ಜಿಬಿ ರ‍್ಯಾಮ್ ಮಾತ್ರ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸತೊಡಗುವುದರಿಂದ ಮೊದಲೇ ಏದುಸಿರು ಬಿಡುತ್ತಿದ್ದ ಡಿಸ್ಕಿಗೆ ಮತ್ತಷ್ಟು ಹೊರೆ.

ಆದರೆ ದುರಸ್ತಿಗೆ ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಲೆಕ್ಕದ ಪ್ರತಿ ಎಲ್ಲಿದೆ? "ಡಿ ಡ್ರೈವಿನಾಗ ದಿನಾ ಬ್ಯಾಕಪ್ ತಗೋತೀವ್ರಿ" ಎಂದು ಗುಮಾಸ್ತರು ಹೆಮ್ಮೆಯಿಂದಲೇ ಹೇಳಿದರು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಹೆಸರುಗಳು. ಒಂದೇ ಕಣಜದ ಎರಡು ಅಂಕಣಗಳಿದ್ದಂತೆ. ಕಣಜಕ್ಕೆ ಬೆಂಕಿ ಬಿದ್ದರೆ ಅಂಕಣ ಉಳಿದೀತೇ? ಡಿಸ್ಕಿನ ಆರೋಗ್ಯ ಪರೀಕ್ಷಿಸುವ ಉಚಿತ ತಂತ್ರಾಂಶವನ್ನು ಓಡಿಸಿ ನೋಡಿದಾಗ ಎಚ್ಚರಿಕೆಯ ಹಳದಿ ಗುರುತು ಬಂದಿತು. ಕೆಟ್ಟ ಭಾಗಗಳು ಬೆಳೆಯುತ್ತಿದ್ದವು. ಅಂದರೆ ನಿಧಾನವು ಕೇವಲ ಕಿರಿಕಿರಿಯಾಗಿರದೆ, ಆರು ವರ್ಷಗಳ ಲೆಕ್ಕ ಒಟ್ಟಿಗೆ ಹೋಗುವ ಮುನ್ಸೂಚನೆಯಾಗಿತ್ತು. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕಡೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಕಂಪನಿಗಳಿಗಾದರೆ ಎಂಟು ಹಣಕಾಸು ವರ್ಷ. "ಡಿಸ್ಕ್ ಕೆಟ್ಟಿತು" ಎಂಬ ಸಮಜಾಯಿಷಿಯನ್ನು ಯಾವ ಅಧಿಕಾರಿಯೂ ಸುಲಭವಾಗಿ ಒಪ್ಪುವುದಿಲ್ಲ.

ಆದ್ದರಿಂದ ಆ ದಿನ ಲಾರಿಯ ಬಿಲ್ಲನ್ನು ಮಾಲೀಕರ ಲ್ಯಾಪ್‌ಟಾಪಿನಲ್ಲಿ ಮಾಡಿ ಕಳುಹಿಸಿ, ಟ್ಯಾಲಿಯ ದತ್ತಾಂಶವಿದ್ದ ಫೋಲ್ಡರನ್ನು ಹೊರಗಿನ ಎರಡು ಡ್ರೈವುಗಳಿಗೆ ಪ್ರತಿ ಮಾಡಿದೆವು. ಆ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಶಿಲ್ಕು ತಾಳೆಯಾದ ಮೇಲೆಯೇ ನಿಟ್ಟುಸಿರು ಬಿಟ್ಟದ್ದು. ತೆರೆದು ನೋಡದ ಬ್ಯಾಕಪ್ಪನ್ನು ನಂಬತಕ್ಕದ್ದಲ್ಲ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಪತ್ರಗಳಿದ್ದರೆ ಆ ಫಾಂಟ್‌ಗಳನ್ನೂ ಜೊತೆಗೆ ಎತ್ತಿಟ್ಟುಕೊಳ್ಳಬೇಕು. ಇಲ್ಲವಾದರೆ ಹೊಸ ವ್ಯವಸ್ಥೆಯಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ.

ಮರುದಿನ ಎಸ್‌ಎಸ್‌ಡಿ ಬಂದಿತು, ರ‍್ಯಾಮ್ 8 ಜಿಬಿಗೆ ಏರಿತು. ಹಳೆಯದನ್ನು ಇದ್ದಂತೆಯೇ ಹೊಸ ಡಿಸ್ಕಿಗೆ ನಕಲಿಸದೆ ವಿಂಡೋಸನ್ನು ಹೊಸದಾಗಿಯೇ ಅಳವಡಿಸಿದೆವು. ಇದಕ್ಕೆ ಕಾರಣವಿತ್ತು. ಯಂತ್ರವನ್ನು ಹಿಂದೆ ಸಿದ್ಧಪಡಿಸಿದ್ದವರು ತಯಾರಕರು ಕೊಟ್ಟಿದ್ದ ವಿಂಡೋಸನ್ನು ಅಳಿಸಿ ಕಳ್ಳಪ್ರತಿಯೊಂದನ್ನು ಹಾಕಿ, ಅಪ್‌ಡೇಟ್‌ಗಳನ್ನೂ ನಿಲ್ಲಿಸಿದ್ದರು. ವಿಚಿತ್ರವೆಂದರೆ ಅಧಿಕೃತ ಪರವಾನಗಿಯ ಕೀಲಿ ಮದರ್‌ಬೋರ್ಡಿನಲ್ಲಿಯೇ ಅಡಗಿತ್ತು; ಅದೇ ಆವೃತ್ತಿಯನ್ನು ಅಳವಡಿಸಿದೊಡನೆ ತಾನಾಗಿ ಊರ್ಜಿತವಾಯಿತು. ಹಣ ತೆತ್ತು ಪಡೆದ ಪರವಾನಗಿಯನ್ನು ಬಿಟ್ಟು ಇವರು ಅಪರಾಧಿಗಳಾಗಿದ್ದರು. ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮು ಗೊತ್ತಿದ್ದೂ ಕಳ್ಳಪ್ರತಿ ಬಳಸುವವರನ್ನು ಶಿಕ್ಷಾರ್ಹರೆನ್ನುತ್ತದೆ ಎಂಬುದನ್ನು ಸದಸ್ಯರು ಗಮನಿಸಬೇಕು.

ಹಳೆಯ ವ್ಯವಸ್ಥೆಯಲ್ಲಿ ಎರಡು ಆಂಟಿವೈರಸ್‌ಗಳಿದ್ದು, ಒಂದರ ಅವಧಿ ಮುಗಿದಿತ್ತು. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರನ್ನಿಟ್ಟರೆ ಅವರು ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತ ಗಿರಾಕಿಯನ್ನು ನಿಲ್ಲಿಸಿಕೊಳ್ಳುತ್ತಾರೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಒಂದನ್ನೇ ಉಳಿಸಿದೆವು. ಗುಮಾಸ್ತರ ನಿತ್ಯದ ಖಾತೆಯಿಂದ ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನು ತೆಗೆದುದರಿಂದ ಸಿಕ್ಕಸಿಕ್ಕ ತಂತ್ರಾಂಶಗಳು ಒಳನುಗ್ಗುವುದು ಕಡಿಮೆಯಾಯಿತು. ಬ್ಯಾಕಪ್ ಡ್ರೈವನ್ನು ಕೆಲಸ ಮುಗಿದೊಡನೆ ಕಳಚಿಡುವ ಪದ್ಧತಿ ಆಯಿತು. ಅಂಟಿಕೊಂಡೇ ಇರುವ ಡ್ರೈವನ್ನು ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಹಿಡಿದುಕೊಳ್ಳುತ್ತದೆ.

ಇಲ್ಲಿ ಒಂದು ಸಣ್ಣ ಮಾತು. ಬೆಳಿಗ್ಗೆ ಯಂತ್ರದ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಜಿಎಸ್‌ಟಿ ಜಾಲತಾಣ ಸುರಕ್ಷಿತವಲ್ಲವೆಂಬ ಸೂಚನೆ ಬರುತ್ತದೆ ಎನ್ನುವವರು ಮೊದಲು ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಸೆಲ್ಲನ್ನು ಬದಲಿಸಿ ನೋಡಲಿ. ಗೋಡೆ ಗಡಿಯಾರದ ಸೆಲ್ಲಿನಷ್ಟೇ ಸಾಮಾನ್ಯ ವೆಚ್ಚ.

ಯಂತ್ರ ಏಳಲು ಹಿಡಿಯುತ್ತಿದ್ದ ಆರು ನಿಮಿಷ ಅರ್ಧ ನಿಮಿಷದೊಳಗೆ ಇಳಿಯಿತು. ಖರ್ಚಾದದ್ದು ದರಪಟ್ಟಿಯ ಎಂಟನೇ ಒಂದು ಭಾಗ.

ದುರಸ್ತಿಗೂ ಮಿತಿಯಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಇಂಟೆಲ್‌ನ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರನ್ನೂ ಟಿಪಿಎಂ 2.0 ಭದ್ರತಾ ಚಿಪ್ಪನ್ನೂ ಬೇಡುತ್ತದೆ. ಅವರದು 7ನೇ ಪೀಳಿಗೆ. ಒಂದೂವರೆ ವರ್ಷ ದುಡಿದ ಮೇಲೆ ಆ ಯಂತ್ರವನ್ನು ಅಂತರ್ಜಾಲದಿಂದ ಕಳಚಿ ಉಗ್ರಾಣದ ದಾಸ್ತಾನು ಬರೆಯಲು ಕೊಟ್ಟಿದ್ದಾರೆ. ಲೆಕ್ಕಕ್ಕೆ ಹೊಸದೊಂದು ಬಂದಿದೆ. ಈ ಸಲ ಮಾಲೀಕರು ದರಪಟ್ಟಿ ಕೇಳುವಾಗಲೇ ಎಸ್‌ಎಸ್‌ಡಿ, ಕನಿಷ್ಠ 8 ಜಿಬಿ ರ‍್ಯಾಮ್, ವಿಂಡೋಸಿನ ಪರವಾನಗಿಗೆ ಪ್ರತ್ಯೇಕ ಬಿಲ್ಲು ಮತ್ತು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ತಮ್ಮ ಕೈಯಲ್ಲಿ ಎಂದು ಬರೆದುಕೊಟ್ಟರು. ಮೂವರು ಮಾರಾಟಗಾರರಲ್ಲಿ ಒಬ್ಬರು ಮಾತ್ರ ನಾಲ್ಕಕ್ಕೂ ಒಪ್ಪಿದರು.