ಎಎಂಡಿ ಹಾಕಿದರೆ ಡ್ರೈವರ್ರೇ ಬೇಡವಂತೆ!

ಲಿನಕ್ಸ್ ಡೆಸ್ಕ್‌ಟಾಪ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಿ ಎಂದು ಕೇಳಿ ನೋಡಿ. "ಎಎಂಡಿ ತಗೋ ಗುರು, ಡ್ರೈವರ್ರೇ ಬೇಡ, ಹಾಕಿದ್ರೆ ಓಡುತ್ತೆ!" ಇದನ್ನು ಕೇಳಿ ಕೇಳಿ ಕಿವಿ ತೂತಾಗಿದೆ.

ಡ್ರೈವರ್ ಬೇಕು ಸ್ವಾಮಿ. ಬೇರೆಯಾಗಿ ಇಳಿಸಿಕೊಳ್ಳಬೇಕಿಲ್ಲ, ಅಷ್ಟೆ. ಎಎಂಡಿಜಿಪಿಯು ಎಂಬ ಆ ಡ್ರೈವರ್ 2015ರಿಂದ ಕರ್ನಲ್‌ನೊಳಗೇ ಇದೆ. ಓಪನ್‌ಜಿಎಲ್, ವಲ್ಕನ್ ನೋಡಿಕೊಳ್ಳುವುದು ಮೆಸಾ. ಇವುಗಳ ಜೊತೆಗೆ ಫರ್ಮ್‌ವೇರ್ ಕಡತಗಳೂ ಬೇಕು. ಮೂರೂ ಬರುವುದು ಡಿಸ್ಟ್ರೋ ಮೂಲಕ, ಹಾಗಾಗಿ ಡಿಸ್ಟ್ರೋ ಎಷ್ಟು ಹಳೆಯದೋ ಡ್ರೈವರ್ರೂ ಅಷ್ಟೇ ಹಳೆಯದು. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, ಕರ್ನಲ್ 6.1 ಇಟ್ಟುಕೊಂಡು. ಆರ್‌ಎಕ್ಸ್ 9070 ಅಂಗಡಿಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಆಗಿನ್ನೂ ಹುಟ್ಟದ ಕಾರ್ಡನ್ನು ಆ ಕರ್ನಲ್ ಗುರುತು ಹಿಡಿಯುವುದಾದರೂ ಹೇಗೆ? ಹತ್ತಾರು ಸಾವಿರ ಸುರಿದವನ ಮುಂದೆ ಪರದೆ ಮಂಕಾಗಿ ಕೂರುತ್ತದೆ, ಚಿತ್ರ ಬಿಡಿಸುವ ಹೊರೆಯೆಲ್ಲ ಸಿಪಿಯು ಹೆಗಲಿಗೆ. "ಲಿನಕ್ಸೇ ಸರಿಯಿಲ್ಲ" ಎಂದು ಅವನು ವಿಂಡೋಸ್‌ಗೆ ಮರಳುತ್ತಾನೆ. ಸಲಹೆ ಕೊಟ್ಟ ಮಹಾಶಯರು ಅಷ್ಟರಲ್ಲಿ ಇನ್ನೊಬ್ಬರಿಗೆ ಅದೇ ಉಪದೇಶ ಮಾಡುತ್ತಿರುತ್ತಾರೆ. ಅದೇ ಕಾರ್ಡ್ ಡೆಬಿಯನ್ 13ರಲ್ಲಿ ಓಡುತ್ತದೆ. ಅದರ ಕರ್ನಲ್ 6.12.

ಇದರ ಜೋಡಿ ನಂಬಿಕೆ, "ಎನ್‌ವಿಡಿಯಾ ಲಿನಕ್ಸ್‌ಗೆ ಆಗಿಬರಲ್ಲ." ಸಾಕ್ಷಿಗೆ ಲಿನಕ್ಸ್ ಕರ್ತೃ ಲೀನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್‌ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಬೆರಳೆತ್ತಿ ಬೈದ ವಿಡಿಯೊ. ಆ ಸಿಟ್ಟಿಗೆ ಆಗ ಕಾರಣವಿತ್ತು. ಆದರೆ 2022ರ ಮೇ ತಿಂಗಳಲ್ಲಿ ಕಂಪನಿ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಬಿಡುಗಡೆ ಮಾಡಿತು. ಆರ್‌ಟಿಎಕ್ಸ್ 50 ಸರಣಿಗೆ ಆ ಮುಕ್ತ ಮಾಡ್ಯೂಲ್‌ಗಳನ್ನೇ ಹಾಕಬೇಕು. ಎನ್‌ವಿಡಿಯಾ ಕಾರ್ಡ್ ಮೇಲೆ ಲೆಕ್ಕಾಚಾರ ಮಾಡಿಸುವ ಕುಡಾ ಮೊದಲಾದ ಮೇಲಿನ ಪದರ ಇನ್ನೂ ಮುಚ್ಚಿದ್ದೇ, ಒಪ್ಪಿದೆ. ಆದರೆ ಕುಡಾ ಇಲ್ಲದೆ ಕೆಲಸವೇ ನಡೆಯದವರಿಗೆ ಬೇರೆ ಕಾರ್ಡ್ ಕಟ್ಟುವುದು ಯಾವ ಸೇವೆ? ಹೆದರಬೇಕಾದದ್ದು ಸೆಕೆಂಡ್ ಹ್ಯಾಂಡ್ ಆಸೆಗೆ: ಜಿಟಿಎಕ್ಸ್ 1060ಗೆ ಎನ್‌ವಿಡಿಯಾ ಡ್ರೈವರ್‌ಗಳಲ್ಲಿ 580 ಸರಣಿಯೇ ಕೊನೆ.

"ಮೆಮೊರಿ ಜಾಸ್ತಿ ಇದ್ದರೆ ಕಾರ್ಡ್ ಫಾಸ್ಟು" ಎನ್ನುವವರು 4 ಜಿಬಿ ಡಿಡಿಆರ್3ಯ ಜಿಟಿ 730ಯನ್ನು 2 ಜಿಬಿಯ ಜಿಟಿಎಕ್ಸ್ 1050 ಪಕ್ಕ ಇಟ್ಟು ಒಮ್ಮೆ ಗೇಮ್ ಆಡಲಿ. ಕೇಬಲ್ ಯಾವುದಾದರೂ ಒಂದೇ ಎಂಬುದೂ ತಪ್ಪು: ಎಎಂಡಿಯ ಮುಕ್ತ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಸೇರಿಸಲು 2024ರಲ್ಲಿ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ, 4ಕೆಯಲ್ಲಿ 120 ಹರ್ಟ್ಸ್ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಹಿಡಿಯುವುದು ಮೇಲು.

ವಿಚಿತ್ರವೆಂದರೆ, ಸೋರ್ಸ್ ಕೋಡ್ ಓದಿ ಪರೀಕ್ಷಿಸಬಹುದು ಎಂದು ಎದೆತಟ್ಟಿಕೊಳ್ಳುವ ಜನವೇ 2012ರ ವಿಡಿಯೊ ತುಣುಕನ್ನು ಪರೀಕ್ಷಿಸದೆ ನಂಬುತ್ತದೆ. ಬ್ರ್ಯಾಂಡ್ ಭಕ್ತಿಗೂ ಜಾತಕ ನೋಡಿ ಕಾರು ಬುಕ್ ಮಾಡುವುದಕ್ಕೂ ನನಗೇನೂ ವ್ಯತ್ಯಾಸ ಕಾಣುತ್ತಿಲ್ಲ.

ಕಾರ್ಡ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೊರಡುವ ಮುಂಚೆ ನಿಮ್ಮ ಡಿಸ್ಟ್ರೋದ ಕರ್ನಲ್ ಮತ್ತು ಮೆಸಾ ಆವೃತ್ತಿ ನೋಡಿಕೊಳ್ಳಿ. ಕಾರ್ಡ್ ಅದಕ್ಕಿಂತ ಹೊಸದಾಗಿದ್ದರೆ ಮೊದಲು ಡಿಸ್ಟ್ರೋ ಬದಲಿಸಿ, ಆಮೇಲೆ ದುಡ್ಡು ಬಿಚ್ಚಿ.