ಕುದುರೆಯ ಜಾಹೀರಾತು ನುಡಿದ ಸಾಕ್ಷಿ

ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಸೀಮೆಯಲ್ಲಿ ಖಿಲಾರಿ ದನಗಳನ್ನು ಸಾಕಿದ ಮನೆತನಗಳ ಹಿರಿಯರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಒಳ್ಳೆಯ ಬೀಜದ ಹೋರಿ ಯಾರ ಕೊಟ್ಟಿಗೆಯಲ್ಲಿದೆ ಎಂಬುದನ್ನು ಯಾರೂ ಸಾರಿ ಹೇಳಬೇಕಾಗಿರಲಿಲ್ಲ. ಸಂತೆಯಲ್ಲಿ, ಜಾತ್ರೆಯ ದನದ ಪೇಟೆಯಲ್ಲಿ, ಬಾವಿಯ ಕಟ್ಟೆಯಲ್ಲಿ ಆ ಸುದ್ದಿ ತಾನಾಗಿಯೇ ಹರಡುತ್ತಿತ್ತು. ಹೋರಿಯ ತಾಯಿ ಯಾವುದು, ಅದರ ಕರುಗಳು ನೇಗಿಲಿಗೆ ಹೇಗೆ ಒಗ್ಗಿದವು ಎಂಬುದನ್ನು ಸುತ್ತಿನ ಹತ್ತು ಹಳ್ಳಿಯವರು ತಮ್ಮ ಮನೆಯ ಸಂಗತಿಯೆಂಬಂತೆ ಹೇಳುತ್ತಿದ್ದರು. ತಲೆಮಾರುಗಳಿಂದ ಒಂದೆಡೆ ಬಾಳಿದ ಜನಕ್ಕೆ ಪರಸ್ಪರ ಪರಿಚಯವೇ ಪತ್ರಿಕೆ.

ಆದರೆ ನಿನ್ನೆ ಮೊನ್ನೆ ಕಾಡು ಕಡಿದು ನೆಲೆಸಿದ ನಾಡಿನಲ್ಲಿ ಏನು ಮಾಡಬೇಕು? ಅಲ್ಲಿ ನೆರೆಯವನು ಯಾವ ಊರಿನಿಂದ ಬಂದವನೆಂಬುದೇ ತಿಳಿಯದು. ಅವನ ದನದ ಹುಟ್ಟುಬುಡ ತಿಳಿಯುವುದಂತೂ ದೂರದ ಮಾತು. ಅಂಥ ನಾಡಿನಲ್ಲಿ ಬಾಯಿಮಾತಿನ ಕೆಲಸವನ್ನು ಅಚ್ಚಿನ ಮೊಳೆಗಳು ಮಾಡಬೇಕಾಯಿತು. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ಎಂಬ ಗುಡ್ಡಗಾಡಿನ ರಾಜ್ಯದಲ್ಲಿ 18ನೆಯ ಶತಮಾನದ ಕೊನೆಗೆ ಅಚ್ಚಾದ ಒಂದು ಕುದುರೆಯ ಜಾಹೀರಾತಿನ ಕಥೆ ಅಂಥದು. ಅದು ಕೇವಲ ಕುದುರೆಯ ಕಥೆಯಲ್ಲ. ಒಂದು ಸಣ್ಣ ಕಾಗದದ ಚೂರು ನೂರು ವರ್ಷದ ಬಳಿಕ ಸತ್ಯ ನುಡಿದ ಕಥೆ. ಆದುದರಿಂದಲೇ ಅದನ್ನು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಹೊಸ ನಾಡು, ಹೊಸ ಬೇಸಾಯ

ವರ್ಮಾಂಟಿನ ನೆಲ ಮೊದಲು ಅಬೆನಾಕಿ ಎಂಬ ಮೂಲನಿವಾಸಿಗಳದು. 18ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣದ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಪ್ರಾಂತಗಳಿಂದ ಬಿಳಿಯ ಒಕ್ಕಲಿಗರು ಗುಂಪುಗುಂಪಾಗಿ ಅಲ್ಲಿಗೆ ಬಂದರು. 1777ರಲ್ಲಿ ತಾನೇ ಸ್ವತಂತ್ರವೆಂದು ಸಾರಿಕೊಂಡಿದ್ದ ಆ ನಾಡು 1791ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ 14ನೆಯ ರಾಜ್ಯವಾಯಿತು. ಆಗ ಅಲ್ಲಿದ್ದ ಜನ ಸುಮಾರು 85 ಸಾವಿರ. 1800ರ ಗಣತಿಯ ಹೊತ್ತಿಗೆ ಆ ಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿತ್ತು. ಹತ್ತು ವರ್ಷದಲ್ಲಿ ಇಷ್ಟು ಬೆಳೆದ ನಾಡಿನಲ್ಲಿ ಎತ್ತ ನೋಡಿದರೂ ಹೊಸ ಮುಖಗಳೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮರ ಕಡಿಯುವುದು, ದಿಮ್ಮಿ ಎಳೆಯುವುದು, ಬೇರು ಕಿತ್ತ ನೆಲವನ್ನು ಉಳುವುದು ಇವೇ ಅಲ್ಲಿಯ ಮುಖ್ಯ ಕೆಲಸಗಳು. ಭಾರದ ಕೆಲಸಕ್ಕೆ ಎತ್ತುಗಳಿದ್ದವು. ಆದರೆ ಸವಾರಿಗೆ, ಹಿಮದ ಮೇಲೆ ಜಾರುಬಂಡಿ ಎಳೆಯುವುದಕ್ಕೆ, ಗಿರಣಿಗೆ ಧಾನ್ಯ ಒಯ್ಯುವುದಕ್ಕೆ, ಸಮಯ ಬಂದರೆ ನೇಗಿಲಿಗೂ ಕುದುರೆ ಬೇಕು. ಒಳ್ಳೆಯ ಗಂಡುಕುದುರೆಯನ್ನು ಕೊಳ್ಳುವ ಶಕ್ತಿ ಸಾಮಾನ್ಯ ಒಕ್ಕಲಿಗನಿಗೆ ಎಲ್ಲಿಂದ ಬರಬೇಕು? ಹೀಗಾಗಿ ಊರಿಗೊಬ್ಬನೋ ಇಬ್ಬರೋ ತಳಿಗುದುರೆಯನ್ನು ಸಾಕಿ, ಉಳಿದವರ ಹೆಣ್ಣುಕುದುರೆಗಳಿಗೆ ಅದನ್ನು ಒದಗಿಸಿ ಶುಲ್ಕ ಪಡೆಯುತ್ತಿದ್ದರು.

ವಸಂತ ಕಾಲಿಡುತ್ತಿದ್ದಂತೆ ಇವರ ಪ್ರಕಟಣೆಗಳು ವಾರಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಹೆಣ್ಣುಕುದುರೆ ಗಬ್ಬ ಧರಿಸಿ ಮರಿ ಹಾಕುವುದಕ್ಕೆ ಸುಮಾರು 11 ತಿಂಗಳು ಬೇಕು. ವಸಂತದಲ್ಲಿ ಗಬ್ಬವಾದರೆ ಮರುವರ್ಷದ ಎಳೆಹುಲ್ಲಿನ ಕಾಲಕ್ಕೆ ಸರಿಯಾಗಿ ಮರಿ ನೆಲಕ್ಕೆ ಬೀಳುತ್ತದೆ. ಆ ಕೆಲವು ವಾರಗಳು ತಪ್ಪಿದರೆ ಒಂದು ವರ್ಷವೇ ಹೋದಂತೆ. ಪತ್ರಿಕೆ ಮುಟ್ಟದ ಕಡೆಗೆ ಬಿತ್ತಿಪತ್ರಗಳು ಹೋಗುತ್ತಿದ್ದವು. ತಂಗುಮನೆಯ ಬಾಗಿಲು, ಕಮ್ಮಾರನ ಕುಲುಮೆ, ಹಿಟ್ಟಿನ ಗಿರಣಿ ಎಲ್ಲಿ ನಾಲ್ಕು ಜನ ಸೇರುವರೋ ಅಲ್ಲಿ ಅವು ನೇತಾಡುತ್ತಿದ್ದವು.

ಜಾಹೀರಾತಿನಲ್ಲಿ ಏನಿರುತ್ತಿತ್ತು?

ಮೇಲ್ಗಡೆ ಒಂದು ಕುದುರೆಯ ಚಿತ್ರ. ಇದನ್ನು ನಂಬಿದವನು ಕೆಟ್ಟ! ಮುದ್ರಣಾಲಯದಲ್ಲಿ ಒಂದೋ ಎರಡೋ ಮರದಚ್ಚುಗಳಿರುತ್ತಿದ್ದವು. ಯಾರ ಕುದುರೆಯಾದರೂ ಅದೇ ಚಿತ್ರ. ಅದರ ಕೆಳಗೆ ಕುದುರೆಯ ಹೆಸರು, ಬಣ್ಣ, ವಯಸ್ಸು, ಎತ್ತರ. ಕುದುರೆಯ ಎತ್ತರವನ್ನು ಆ ಜನ ‘ಕೈ’ ಎಂಬ ಅಳತೆಯಿಂದ ಹೇಳುತ್ತಾರೆ. ಒಂದು ಕೈ ಎಂದರೆ ಅಂಗೈಯ ಅಗಲ, 4 ಅಂಗುಲ. ಬಳಿಕ ತಂದೆಯ, ಅಜ್ಜನ ಹೆಸರುಗಳು, ನಡಿಗೆಯ ಹೊಗಳಿಕೆ. ಅದಾದ ಮೇಲೆ ಯಾವ ಊರಿನ ಯಾರ ಲಾಯದಲ್ಲಿ ಕುದುರೆ ಎಷ್ಟು ದಿನ ನಿಲ್ಲುವುದು ಎಂಬ ವಿವರ.

ಕೊನೆಯಲ್ಲಿ ಕರಾರುಗಳು. ಒಂದು ಸಲಕ್ಕೆ ಒಂದು ದರ, ಇಡೀ ಋತುವಿಗೆ ಇನ್ನೊಂದು, ಗಬ್ಬ ನಿಂತರೆ ಮಾತ್ರ ಕೊಡುವ ಹೆಚ್ಚಿನ ದರ ಮೂರನೆಯದು. ಹೊಸ ನಾಡಿನಲ್ಲಿ ನಗದು ಅಪರೂಪವಾದುದರಿಂದ ಸುಗ್ಗಿಯ ಬಳಿಕ ಧಾನ್ಯದ ರೂಪದಲ್ಲಿ ತೀರಿಸಬಹುದೆಂಬ ಒಪ್ಪಂದವೂ ಇರುತ್ತಿತ್ತು. ದೂರದಿಂದ ಬಂದ ಹೆಣ್ಣುಕುದುರೆಗೆ ಮೇವಿನ ಏರ್ಪಾಡುಂಟು. ಅಪಾಯವಾದರೆ ಹೊಣೆ ಒಡೆಯನದೇ. ಗಬ್ಬದ ಕರಾರಿನ ಕುದುರೆಯನ್ನು ನಡುವೆ ಮಾರಿದರೆ ಗಬ್ಬ ನಿಂತಿದೆಯೆಂದೇ ಲೆಕ್ಕ ಹಿಡಿದು ಹಣ ವಸೂಲು ಮಾಡುವುದೂ ಉಂಟು. ಪರಿಚಯವಿಲ್ಲದ ಇಬ್ಬರ ನಡುವೆ ಮೂಡಬಹುದಾದ ಜಗಳಗಳನ್ನೆಲ್ಲ ಮೊದಲೇ ಎಣಿಸಿ ಆ ನಾಲ್ಕಾರು ಸಾಲುಗಳಲ್ಲಿ ಬಂಧಿಸಿಟ್ಟಿದ್ದರು.

ಹಾಡು ಕಲಿಸುವ ಮಾಸ್ತರನ ಕುದುರೆ

ಇಂಥ ಪ್ರಕಟಣೆ ಕೊಟ್ಟವರಲ್ಲಿ ಜಸ್ಟಿನ್ ಮಾರ್ಗನ್ ಒಬ್ಬ. 1747ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದ ಈತ ಶಾಲೆಯ ಉಪಾಧ್ಯಾಯ. ಊರೂರಿಗೆ ಹೋಗಿ ಪ್ರಾರ್ಥನೆಯ ಹಾಡುಗಾರಿಕೆ ಕಲಿಸುವ ಮಾಸ್ತರ. ಸ್ವತಃ ರಾಗಗಳನ್ನು ಕಟ್ಟಿದವನು. ಅವನ ಕೆಲವು ಸ್ವರರಚನೆಗಳು 1790ರಲ್ಲಿಯೇ ಅಚ್ಚಾದುವು. ಹುಟ್ಟೂರಿನಲ್ಲಿದ್ದಾಗ ತಳಿಗುದುರೆಗಳನ್ನು ನೋಡಿಕೊಳ್ಳುವ ಉದ್ಯೋಗವನ್ನೂ ಮಾಡಿದ್ದ. 1785ರಲ್ಲಿ ಟ್ರೂ ಬ್ರಿಟನ್ ಎಂಬ ಕುದುರೆ ಅವನ ವಶದಲ್ಲಿತ್ತು.

1788ರಲ್ಲಿ ಅವನು ಸಂಸಾರಸಮೇತನಾಗಿ ವರ್ಮಾಂಟಿನ ರ್ಯಾಂಡಾಲ್ಫ್ ಎಂಬ ಹೊಸ ಊರಿಗೆ ಬಂದ. ಊರಿನ ಲೆಕ್ಕಪತ್ರ ಬರೆಯುವ ಗುಮಾಸ್ತನಾದ. ಆದರೆ ಬದುಕು ನೆಲೆಗೊಳ್ಳಲಿಲ್ಲ. 1791ರಲ್ಲಿ ಹೆಂಡತಿ ಮಾರ್ಥಾ ತೀರಿಕೊಂಡಳು; ಎಳೆಯ ಮಕ್ಕಳು ನೆರೆಹೊರೆಯ ಮನೆಗಳಲ್ಲಿ ಬೆಳೆಯಬೇಕಾಯಿತು. ಮೈಯಲ್ಲಿ ಕಸುವಿಲ್ಲದ ಈ ಬಡ ಮಾಸ್ತರನಿಗೆ ಉಳಿದ ಆಸರೆಗಳಲ್ಲಿ ‘ಫಿಗರ್’ ಎಂಬ ಕುದುರೆಯೂ ಒಂದು.

ಆ ಕುದುರೆ ಅವನ ಕೈಗೆ ಬಂದ ಬಗೆಯನ್ನು ಕುಟುಂಬದವರು ಹೀಗೆ ಹೇಳುತ್ತಿದ್ದರು: ಹಳೆಯ ಊರಿನಲ್ಲಿ ಬರಬೇಕಾದ ಬಾಕಿಯನ್ನು ವಸೂಲು ಮಾಡಲು ಮಾರ್ಗನ್ ಹೋದ. ಹಣ ಹುಟ್ಟಲಿಲ್ಲ. ಬದಲಿಗೆ ಎರಡು ಕುದುರೆಮರಿಗಳು ದೊರೆತವು. ಒಂದನ್ನು ಹಗ್ಗ ಹಿಡಿದು ನಡೆಸಿದ. ಚಿಕ್ಕದು ಹಗ್ಗವಿಲ್ಲದೆಯೇ ಸುಮಾರು 200 ಕಿಲೋಮೀಟರು ದೂರದ ದಾರಿಯನ್ನು ಅವನ ಹಿಂದೆ ನಡೆದು ಬಂದಿತು. ಆ ಚಿಕ್ಕದೇ ಫಿಗರ್.

1793ರಿಂದ 1795ರವರೆಗೆ ವರ್ಷವರ್ಷವೂ ಫಿಗರ್‌ನ ಪ್ರಕಟಣೆ ವರ್ಮಾಂಟಿನ ಪತ್ರಿಕೆಗಳಲ್ಲಿ ಮಾರ್ಗನ್ನನ ಹೆಸರಿನಲ್ಲಿ ಬಂದಿತು. ಕುದುರೆ ಗಾತ್ರದಲ್ಲಿ ದೊಡ್ಡದಲ್ಲ. ಮುಂದೆ ಬರೆದಿಟ್ಟವರ ಪ್ರಕಾರ ಎತ್ತರ ಸುಮಾರು 14 ಕೈ, ತೂಕ 950 ಪೌಂಡು, ಎಂದರೆ 430 ಕಿಲೋಗ್ರಾಮಿನಷ್ಟು. ಆದರೆ ದುಡಿಮೆಯಲ್ಲಿ ಅದಕ್ಕೆ ಸಮನಿರಲಿಲ್ಲ. ರಾಬರ್ಟ್ ಇವಾನ್ಸ್ ಎಂಬವನು ಕಾಡು ಕಡಿಯುವ ಕೆಲಸಕ್ಕೆ ಅದನ್ನು ವರ್ಷಕ್ಕೆ 15 ಡಾಲರಿನಂತೆ ಬಾಡಿಗೆಗೆ ಹಿಡಿದಿದ್ದ. ದೊಡ್ಡ ಕುದುರೆಗಳು ಎಳೆಯಲಾರದೆ ಬಿಟ್ಟ ದಿಮ್ಮಿಯ ಮೇಲೆ ಮೂವರು ಆಳುಗಳನ್ನು ಕೂರಿಸಿ, ಇಡೀ ದಿನ ದುಡಿದ ಈ ಸಣ್ಣ ಕುದುರೆಯಿಂದ ಅದನ್ನು ಎಳೆಯಿಸಿ ಪಣ ಗೆದ್ದನೆಂಬ ಕಥೆ ಆ ಸೀಮೆಯಲ್ಲಿ ಬಹುಕಾಲ ಉಳಿಯಿತು.

ಮಾರ್ಗನ್ ಬಹುದಿನ ಬಾಳಲಿಲ್ಲ. 1798ರ ಮಾರ್ಚಿಯಲ್ಲಿ ತೀರಿಕೊಂಡ. ಕುದುರೆ ಅದಕ್ಕೆ ಮೊದಲೇ ಕೈಬಿಟ್ಟುಹೋಗಿತ್ತು. ಅದು ಹಲವು ಒಡೆಯರ ಬಳಿ ದುಡಿದು, 1821ರಲ್ಲಿ ಇನ್ನೊಂದು ಕುದುರೆಯ ಒದೆತದಿಂದಾದ ಗಾಯ ಮಾಗದೆ ಸತ್ತಿತು. ಆದರೆ ಷರ್ಮನ್, ಬುಲ್‌ರಷ್, ವುಡ್‌ಬರಿ ಎಂಬ ಮೂರು ಗಂಡುಮರಿಗಳ ಮೂಲಕ ಅದರ ಸಂತತಿ ಹಬ್ಬಿತು. ಮರಿಗಳು ತಾಯಿ ಯಾವುದಿದ್ದರೂ ತಂದೆಯ ಮಾಟವನ್ನೇ ಹೊತ್ತು ಬರುತ್ತಿದ್ದವು. ಜನ ಕುದುರೆಯ ಹೆಸರನ್ನು ಮರೆತು ಹಳೆಯ ಒಡೆಯನ ಹೆಸರಿನಿಂದಲೇ ಅದನ್ನು ಕರೆದರು. ‘ಮಾರ್ಗನ್’ ಎಂಬ ತಳಿ ಹುಟ್ಟಿದ್ದು ಹೀಗೆ. ಬದುಕಿದ್ದಾಗ ಸಾಲವನ್ನು ಕಂಡ ಹಾಡಿನ ಮಾಸ್ತರನ ಹೆಸರು ಒಂದು ಕುದುರೆವಂಶಕ್ಕೆ ನಿಂತಿತು; ಆದರೆ ಅದನ್ನು ಅವನು ಅರಿಯಲಿಲ್ಲ.

ನೆನಪು ತಪ್ಪಿತು, ಕಾಗದ ತಪ್ಪಲಿಲ್ಲ

ತಳಿಗೆ ಬೆಲೆ ಬಂದ ಮೇಲೆ ಅದರ ಮೂಲಪುರುಷನ ಹುಟ್ಟು ಯಾವಾಗ ಎಂಬ ಪ್ರಶ್ನೆ ಎದ್ದಿತು. 1842ರಲ್ಲಿ ಮಾರ್ಗನ್ನನ ಮಗ ತನ್ನ ನೆನಪನ್ನು ಕೃಷಿಪತ್ರಿಕೆಯೊಂದಕ್ಕೆ ಬರೆದು ತಿಳಿಸಿದ: ತಂದೆ ಕುದುರೆಯನ್ನು ತಂದದ್ದು 1795ರಲ್ಲಿ, ಆಗ ಅದು ಎರಡು ವರ್ಷದ್ದು ಎಂದು. ಆ ಘಟನೆ ನಡೆದಾಗ ಮಗ ಇನ್ನೂ ಬಾಲಕ. ಬರೆದಾಗ ಐವತ್ತು ದಾಟಿದ ವಯಸ್ಸು. 1857ರಲ್ಲಿ ಡಿ. ಸಿ. ಲಿನ್ಸ್ಲಿ ಮಾರ್ಗನ್ ಕುದುರೆಗಳನ್ನು ಕುರಿತು ಪ್ರಕಟಿಸಿದ ಗ್ರಂಥವೂ ಅದನ್ನೇ ನಂಬಿ, ಹುಟ್ಟಿದ ವರ್ಷ 1793 ಎಂದಿತು. ಎಲ್ಲರೂ ಒಪ್ಪಿದರು. ಸ್ವಂತ ಮಗನ ಮಾತಿಗಿಂತ ದೊಡ್ಡ ಪ್ರಮಾಣ ಇನ್ನಾವುದು?

ಮುಂದೆ ಮಿಡಲ್‌ಬರಿಯ ಜೋಸೆಫ್ ಬ್ಯಾಟೆಲ್ ಎಂಬ ಸಿರಿವಂತ ಈ ತಳಿಯ ವಂಶಾವಳಿಯನ್ನು ಬರೆಯಲು ಹೊರಟ. ತಾನೇ ಪತ್ರಿಕೆ ನಡೆಸುತ್ತಿದ್ದ ಈತನಿಗೆ ಹಳೆಯ ಪತ್ರಿಕೆಗಳ ಬೆಲೆ ಗೊತ್ತಿತ್ತು. ಧೂಳು ಹಿಡಿದ ಸಂಚಿಕೆಗಳನ್ನು ಹುಡುಕಿಸಿದ. ಅಲ್ಲಿ ಕಣ್ಣಿಗೆ ಬಿದ್ದವು, ಮಾರ್ಗನ್ ದುಡ್ಡು ಕೊಟ್ಟು ಹಾಕಿಸಿದ ಆ ಪ್ರಕಟಣೆಗಳು! 1793ರಲ್ಲಿಯೇ ಫಿಗರ್ ತಳಿಗುದುರೆಯಾಗಿ ನಿಂತಿತ್ತು. 1793ರಲ್ಲಿ ಹುಟ್ಟಿದ ಮರಿ ಅದೇ ವರ್ಷ ತಂದೆಯಾಗುವುದೆಂತು? ವಾದಕ್ಕೆ ಎಡೆಯೇ ಉಳಿಯಲಿಲ್ಲ. 1894ರಲ್ಲಿ ಹೊರಬಂದ ಬ್ಯಾಟೆಲ್ಲನ ವಂಶಾವಳಿಯ ಮೊದಲ ಸಂಪುಟದ ಬಳಿಕ ಫಿಗರ್ ಹುಟ್ಟಿದ ವರ್ಷ 1789 ಎಂಬುದು ನೆಲೆಗೊಂಡಿತು.

ಇಲ್ಲಿ ಒಂದು ವಿವೇಕವನ್ನು ಗಮನಿಸಬೇಕು. ಜಾಹೀರಾತು ಹೇಳಿದ್ದೆಲ್ಲ ಸತ್ಯವಲ್ಲ. ಚೆಲುವು, ನಡಿಗೆ, ಅಜ್ಜ ಮುತ್ತಜ್ಜರ ಕೀರ್ತಿ ಇವೆಲ್ಲ ಮಾರುವವನ ಮಾತು. ಫಿಗರ್‌ನ ತಂದೆ ಟ್ರೂ ಬ್ರಿಟನ್ ಎಂದು ಸಾಮಾನ್ಯವಾಗಿ ಒಪ್ಪಿದ್ದರೂ ಆ ವಿಷಯದಲ್ಲಿ ವಾದಗಳು ನಡೆದಿವೆ. ಆದರೆ ಈ ವರ್ಷ, ಈ ಊರು, ಈ ಒಡೆಯ ಎಂಬ ಮೂರು ಸಂಗತಿಗಳಲ್ಲಿ ಜಾಹೀರಾತು ಸುಳ್ಳಾಡುವಂತಿಲ್ಲ. ಸುಳ್ಳಾಡಿದರೆ ಗಿರಾಕಿ ಬಂದು ಬರಿಯ ಲಾಯ ನೋಡಿ ಹಿಂದಿರುಗುತ್ತಾನೆ. ಹೊಗಳಿಕೆಯನ್ನು ಬದಿಗಿಟ್ಟು ಉಳಿದುದನ್ನು ಹಿಡಿದವನಿಗೆ ಸತ್ಯ ಸಿಕ್ಕಿತು.

ಹೊಗಳಿಕೆಗೂ ಕಾಲಕ್ರಮದಲ್ಲಿ ಕಡಿವಾಣ ಬಿದ್ದಿತು. 1905ರಲ್ಲಿ ವಿಸ್ಕಾನ್ಸಿನ್ ರಾಜ್ಯ ತಳಿಗುದುರೆಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಕುದುರೆ ಶುದ್ಧ ತಳಿಯದೋ ಬೆರಕೆಯದೋ ಎಂಬುದನ್ನು ಬಿತ್ತಿಪತ್ರದಲ್ಲಿ ತೋರಿಸಬೇಕಾಯಿತು. ಬ್ರಿಟನ್ನಿನಲ್ಲಿ 1918ರಲ್ಲಿ ಇಂಥ ಕಾನೂನು ಬಂದಿತು. ಇತ್ತ ಬ್ಯಾಟೆಲ್ ವೇಬ್ರಿಡ್ಜಿನ ತನ್ನ ಕುದುರೆಸಾಕಣೆಯ ತೋಟವನ್ನು ಸರ್ಕಾರಕ್ಕೆ ಒಪ್ಪಿಸಿದ. 1951ರಲ್ಲಿ ಅದು ವರ್ಮಾಂಟ್ ವಿಶ್ವವಿದ್ಯಾಲಯದ ಕೈ ಸೇರಿತು. 1961ರಲ್ಲಿ ಮಾರ್ಗನ್ ಕುದುರೆ ಆ ರಾಜ್ಯದ ಅಧಿಕೃತ ಪ್ರಾಣಿಯೆನಿಸಿತು.

ಗಡಿಯಾಚೆಯ ಕನ್ನಡ ಮನೆಗಳಲ್ಲಿ ಇಂಥ ಕಥೆಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ನಮ್ಮ ಅಟ್ಟಗಳ ಮೇಲೆ, ಹಳೆಯ ಟ್ರಂಕುಗಳಲ್ಲಿ ಏನೇನಿದೆ ಎಂಬುದನ್ನು ಒಮ್ಮೆ ನೆನೆಯೋಣ. ಅಜ್ಜನ ಕಾಲದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ದನ ಕೊಂಡ ರಸೀದಿ, ಕನ್ನಡ ಶಾಲೆಯ ವಾರ್ಷಿಕೋತ್ಸವದ ಆಹ್ವಾನ. ರದ್ದಿಯವನು ಬಂದಾಗ ಮೊದಲು ಹೊರಬೀಳುವುದು ಇವೇ. ಅಜ್ಜಿಯ ಮಾತನ್ನು ಆದರದಿಂದ ಕೇಳಬೇಕು, ನಿಜ. ಆದರೆ ಪ್ರೀತಿಯ ನೆನಪೂ ವರ್ಷಗಳನ್ನು ಕಲೆಸಿಬಿಡುತ್ತದೆ. ಮಾರ್ಗನ್ನನ ಮಗ ಸುಳ್ಳುಗಾರನಾಗಿರಲಿಲ್ಲ. ನಮ್ಮ ಹಿರಿಯರು ಯಾವ ವರ್ಷ ಯಾವ ಊರಿನಲ್ಲಿದ್ದರು, ಯಾವ ನುಡಿಯಲ್ಲಿ ವ್ಯವಹರಿಸಿದರು ಎಂಬುದಕ್ಕೆ ನಾಳೆ ಸಾಕ್ಷಿ ಬೇಕಾದಾಗ ಆ ಹಳದಿಗಟ್ಟಿದ ಚೂರೇ ಮಾತನಾಡಬೇಕಾದೀತು. ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದೋಣ. ಮಕ್ಕಳಿಗೂ ಓದಿ ಹೇಳೋಣ.